ಕಟವಪ್ರಕ್ಕೆ ದಾರಿಯಿಲ್ಲದ ಚಂದ್ರಗುಪ್ತ

1991ರಲ್ಲಿ ಸಿಡ್ ಮೇಯರ್ ರೂಪಿಸಿದ ‘ಸಿವಿಲೈಜೇಶನ್’ ಎಂಬ ಗಣಕ ಆಟವು ಕ್ರಿ.ಪೂ. 4000ದಲ್ಲಿ ಆರಂಭವಾಗಿ ಬಾಹ್ಯಾಕಾಶ ಯುಗದವರೆಗೆ ಸಾಗುತ್ತದೆ. ಪ್ರತಿಯೊಂದು ನಾಡಿಗೂ ಚರಿತ್ರೆಯಿಂದ ಆರಿಸಿದ ಒಬ್ಬ ನಾಯಕನಿರುತ್ತಾನೆ. ಆರು ಸಾವಿರ ವರ್ಷ ಅವನಿಗೆ ಮುಪ್ಪಿಲ್ಲ, ಸಾವಿಲ್ಲ, ಉತ್ತರಾಧಿಕಾರಿಯೂ ಇಲ್ಲ. ಭಾರತದ ಪಾಲಿಗೆ ಬಹುಕಾಲ ಈ ಸ್ಥಾನ ಗಾಂಧೀಜಿಯವರದಾಗಿತ್ತು. ಅಹಿಂಸೆಯ ಪ್ರತಿಪಾದಕರು ಆಟದಲ್ಲಿ ಅಣುಬಾಂಬು ಎಸೆಯುವುದು ಜಗತ್ತಿನಾದ್ಯಂತ ನಗೆಯ ವಸ್ತುವಾಯಿತು. ಮೊದಲ ಆಟದ ಗಣಿತದೋಷವೇ ಇದಕ್ಕೆ ಕಾರಣವೆಂಬ ಕಥೆ ನಿಜವಲ್ಲವೆಂದು ಮೇಯರ್ ತಮ್ಮ 2020ರ ಆತ್ಮಕಥನದಲ್ಲಿ ಹೇಳಿದ್ದಾರೆ. ಕಥೆಯೇನೋ ಇನ್ನೂ ಹರಿದಾಡುತ್ತಲೇ ಇದೆ.

2018ರ ಫೆಬ್ರವರಿಯಲ್ಲಿ ಆರನೆಯ ಆವೃತ್ತಿಯ ವಿಸ್ತರಣೆಯೊಂದು ಬಂದಾಗ ಗಾಂಧೀಜಿಯವರ ಜೊತೆಗೆ ಭಾರತಕ್ಕೆ ಇನ್ನೊಬ್ಬ ನಾಯಕ ದೊರೆತ: ಚಂದ್ರಗುಪ್ತ ಮೌರ್ಯ. ಅವನ ವಿಶೇಷ ಶಕ್ತಿಯ ಹೆಸರು ‘ಅರ್ಥಶಾಸ್ತ್ರ’. ನೆರೆಯ ನೆಲಕ್ಕಾಗಿ ಅವನು ಯುದ್ಧ ಸಾರಿದರೆ ಮೊದಲ 10 ಸರದಿಗಳವರೆಗೆ ಅವನ ಸೈನ್ಯದ ವೇಗವೂ ಬಲವೂ ಹೆಚ್ಚುತ್ತವೆ. ಗಡಿಗೆ ಹತ್ತಿರವಿರುವ ನಾಡುಗಳನ್ನು ಅವನು ಸಹಿಸನು. ಆನೆಪಡೆಯಂತೂ ಇದ್ದೇ ಇದೆ. ಇದರಲ್ಲಿ ಸುಳ್ಳೇನೂ ಇಲ್ಲ. ನಂದರನ್ನು ಕೆಡವಿದವನು, ಸೆಲ್ಯೂಕಸನಿಗೆ 500 ಆನೆಗಳನ್ನಿತ್ತು ವಾಯವ್ಯದ ಪ್ರಾಂತಗಳನ್ನು ಪಡೆದವನು ಅವನೇ.

ಆದರೆ ಶ್ರವಣಬೆಳಗೊಳದ ಚಿಕ್ಕಬೆಟ್ಟವನ್ನು ಹತ್ತಿದವರಿಗೆ ಗೊತ್ತಿರುವ ಚಂದ್ರಗುಪ್ತ ಬೇರೆ. ಶ್ರುತಕೇವಲಿ ಭದ್ರಬಾಹುವಿನ ಹಿಂದೆ ನಡೆದು, ಸಿಂಹಾಸನವನ್ನು ಬಿಟ್ಟು, ಕಟವಪ್ರದಲ್ಲಿ ಸಲ್ಲೇಖನದಿಂದ ದೇಹವಿಟ್ಟವನು ಅವನು. ಈ ಪರಂಪರೆ ಚರಿತ್ರೆಯಾಗಿ ನಿಲ್ಲುತ್ತದೆಯೇ ಎಂಬುದು ಹಳೆಯ ವಾದ. ಸುಮಾರು ಕ್ರಿ.ಶ. 600ರ ಅಲ್ಲಿನ ಶಾಸನ ಭದ್ರಬಾಹುವನ್ನೂ ಪ್ರಭಾಚಂದ್ರನನ್ನೂ ಹೆಸರಿಸುತ್ತದೆ. ಚಂದ್ರಗುಪ್ತನ ಹೆಸರು ಸ್ಪಷ್ಟವಾಗಿ ಬರುವುದು ನಂತರದ ಬರಹಗಳಲ್ಲಿ. ಬಿ. ಎಲ್. ರೈಸ್ ಪರಂಪರೆಯನ್ನು ಒಪ್ಪಿದರು, ಫ್ಲೀಟ್ ಸಂದೇಹಿಸಿದರು. ನಮ್ಮ ವಡ್ಡಾರಾಧನೆಯೇ ದೀಕ್ಷೆ ವಹಿಸಿದವನನ್ನು ಸಂಪ್ರತಿ ಚಂದ್ರಗುಪ್ತನೆಂದು ಕರೆದು ಅಶೋಕನ ನಂತರದ ತಲೆಮಾರಿಗೆ ಸರಿಸುತ್ತದೆ. ಹೀಗೆ ಕನ್ನಡದ ಆಕರಗಳಲ್ಲಿಯೇ ಏಕಮತವಿಲ್ಲದಿರುವಾಗ ಆಟದ ನಿರ್ಮಾತೃಗಳನ್ನು ಅಜ್ಞಾನಿಗಳೆಂದು ದೂರುವುದು ನ್ಯಾಯವಲ್ಲ.

ಆಕ್ಷೇಪಿಸಬೇಕಾದದ್ದು ಬೇರೆ ಇದೆ. ಈ ಕಥೆ ನಿಶ್ಚಿತವಾಗಿ ನಿಜವೆಂದು ನಾಳೆಯೇ ಸಿದ್ಧವಾದರೂ ಆಟದಲ್ಲಿ ಅದಕ್ಕೆ ಸ್ಥಳವಿಲ್ಲ. ಅಲ್ಲಿ ನಾಯಕನೆಂದರೆ ಕೊನೆಯವರೆಗೆ ಆಳುವವನು. ಸಿಂಹಾಸನದಿಂದ ಇಳಿಯುವ ಕ್ರಿಯೆಗೆ ನಿಯಮವೇ ಇಲ್ಲ. ಇಳಿದರೆ ಅದು ಸೋಲು. ಯಾರನ್ನು ಆರಿಸಬೇಕೆಂಬ ಚರ್ಚೆ ಆಟಗಾರರಲ್ಲಿ ಬಿಸಿಯಾಗಿ ನಡೆಯುತ್ತದೆ. ಯಾರನ್ನೇ ಆರಿಸಿದರೂ ಅವನು ಮಾಡಬಹುದಾದದ್ದೇನೆಂಬುದು ಮೊದಲೇ ತೀರ್ಮಾನವಾಗಿರುತ್ತದೆ ಎಂಬುದು ಆ ಚರ್ಚೆಯಲ್ಲಿ ಮರೆಯಾಗುತ್ತದೆ.

ಅದೇ ವಿಸ್ತರಣೆಯಲ್ಲಿ ಕೆನಡಾದ ಕ್ರೀ ಜನಾಂಗದ ಪೌಂಡ್‌ಮೇಕರನೂ ಸೇರಿದ್ದ. 1885ರಲ್ಲಿ ರಾಜದ್ರೋಹದ ಆರೋಪದ ಮೇಲೆ ಶಿಕ್ಷೆಗೊಳಗಾದ, 2019ರಲ್ಲಷ್ಟೇ ಕೆನಡಾ ಸರ್ಕಾರ ನಿರ್ದೋಷಿಯೆಂದು ಘೋಷಿಸಿದ ಶಾಂತಿಪ್ರಿಯ ಮುಖಂಡನೀತ. ಆಟವೂ ಅವನಿಗೆ ಮೈತ್ರಿ ಮತ್ತು ವ್ಯಾಪಾರದ ಗುಣಗಳನ್ನೇ ಕೊಟ್ಟಿತು. ಆದರೂ ಪೌಂಡ್‌ಮೇಕರ್ ಕ್ರೀ ಸಮುದಾಯದ ಮುಖಂಡರೊಬ್ಬರು ಆಕ್ಷೇಪವೆತ್ತಿದರು: ಇತರರ ನೆಲವನ್ನು ಗೆಲ್ಲುವ ವಸಾಹತುಶಾಹಿಯ ಹಂಬಲ ತಮ್ಮ ಪೂರ್ವಜರಿಗೂ ಇತ್ತೆಂಬ ಮಿಥ್ಯೆಯನ್ನು ಆಟ ಮುಂದುವರಿಸುತ್ತದೆ ಎಂಬುದು ಅವರ ಮಾತಿನ ಸಾರ. ಗುಣಗಳ ಪಟ್ಟಿ ಸೌಮ್ಯವಾಗಿದ್ದರೂ ಹಲಗೆ ದಿಗ್ವಿಜಯದ್ದೇ ಎಂಬುದನ್ನು ಅವರು ಕಂಡಿದ್ದರು. ಚಂದ್ರಗುಪ್ತನ ಬಗ್ಗೆ ಹೀಗೆ ಕೇಳಬೇಕೆಂದು ಇಲ್ಲಿ ಯಾರಿಗೂ ತೋರಿದಂತಿಲ್ಲ.

2025ರ ಏಳನೆಯ ಆವೃತ್ತಿ ಈ ತೊಡಕಿಗೆ ಅಶೋಕನ ವಿಷಯದಲ್ಲಿ ಒಂದು ಉಪಾಯ ಹುಡುಕಿತು. ಅಲ್ಲಿ ಇಬ್ಬರು ಅಶೋಕರಿದ್ದಾರೆ: ಲೋಕವನ್ನು ಗೆದ್ದವನೊಬ್ಬ, ಲೋಕವನ್ನು ತ್ಯಜಿಸಿದವನೊಬ್ಬ. ಆಟಗಾರ ಮೊದಲೇ ಒಬ್ಬನನ್ನು ಆರಿಸಬೇಕು. ತ್ಯಾಗಿಯೂ ಆಟದ ಕೊನೆಯವರೆಗೆ ಆಳುತ್ತಾನೆ! ಉಪಾಯವೇನೋ ಜಾಣತನದ್ದು, ಆದರೆ ಕತ್ತರಿ ಬಿದ್ದದ್ದು ತಪ್ಪಾದ ಜಾಗದಲ್ಲಿ. ಅಶೋಕನ 13ನೆಯ ಶಿಲಾಶಾಸನದಲ್ಲಿ ಗೆದ್ದವನೂ ಮರುಗಿದವನೂ ಒಂದೇ ದನಿಯಲ್ಲಿ ಮಾತನಾಡುತ್ತಾರೆ. ಕಳಿಂಗದಲ್ಲಿ ಒಂದು ಲಕ್ಷ ಜನ ಹತರಾದರು, ಒಂದೂವರೆ ಲಕ್ಷ ಜನ ಸೆರೆಯಾಗಿ ಸಾಗಿಸಲ್ಪಟ್ಟರು ಎಂಬ ಲೆಕ್ಕವನ್ನು ಕೊಡುತ್ತಿರುವವನು ಸ್ವತಃ ಗೆದ್ದ ದೊರೆ. ಗೆಲುವಿಲ್ಲದೆ ಆ ಪಶ್ಚಾತ್ತಾಪಕ್ಕೆ ಅರ್ಥವಿಲ್ಲ. ಅದೇ ಶಾಸನವನ್ನು ಕಳಿಂಗದ ಧೌಲಿ, ಜೌಗಡಗಳಲ್ಲಿ ಕೆತ್ತಿಸಲಿಲ್ಲ ಎಂಬ ಸಂಗತಿಯೂ ಇದೆ. ನೊಂದವರ ಮುಂದೆ ಮೌನ, ಉಳಿದವರ ಮುಂದೆ ನಿವೇದನೆ. ಇಷ್ಟು ಜಟಿಲವಾದ ಮನಸ್ಸನ್ನು ಎರಡು ಮುಖವಾಡಗಳಾಗಿ ಸೀಳಿದರೆ ಎರಡೂ ಸಪ್ಪೆಯಾಗುತ್ತವೆ.

ಆಟಕ್ಕೆ ನಿಯಮ ಬೇಕು, ಕಾವ್ಯದಷ್ಟು ಸಡಿಲವಾಗಿರಲು ಅದಕ್ಕೆ ಸಾಧ್ಯವಿಲ್ಲ ಎಂದು ಉತ್ತರ ಬರಬಹುದು. ಕಲ್ಲಿಗೂ ಅಂಥ ಮಿತಿಯುಂಟು. ಚಿಕ್ಕಬೆಟ್ಟದ ಚಂದ್ರಗುಪ್ತ ಬಸದಿಯಲ್ಲಿ ಶಿಲ್ಪಿ ದಾಸೋಜ 12ನೆಯ ಶತಮಾನದಲ್ಲಿ ಕಡೆದ ಎರಡು ಜಾಲಂಧ್ರಗಳಿವೆ. ಗಾಳಿ ಬೆಳಕಿಗೆ ರಂಧ್ರ ಬಿಡಲೇಬೇಕಾದ ಆ ಕಲ್ಲಿನ ಪರದೆಗಳಲ್ಲಿ, ಸಾಲುಸಾಲಾದ ಪುಟ್ಟ ಚೌಕಗಳೊಳಗೆ, ಗುರು ಭದ್ರಬಾಹುವಿನದೂ ದೊರೆ ಚಂದ್ರಗುಪ್ತನದೂ ಬದುಕು ಒಂದರ ಪಕ್ಕದಲ್ಲೊಂದು ಮೂಡಿದೆ.