ನೆಲ ನಡುಗಿದ ಮೇಲೆ ಮನೆಗೆ ಯಾರು ದಿಕ್ಕು?

ಭೂಕಂಪ, ನೆರೆ, ಬಿರುಗಾಳಿಗಳಿಂದ ಮನೆ ಬಿದ್ದರೆ ಹಣ ತುಂಬಿಕೊಡುವ ವಿಮೆಯನ್ನು ಕೊಳ್ಳಬೇಕೋ ಬೇಡವೋ ಎಂಬ ಪ್ರಶ್ನೆ ಗಿರಣಿಯ ಗೇಟಿನಲ್ಲಿಯೂ ಬಜಾರದ ಕಟ್ಟೆಯ ಮೇಲೂ ಆಗಾಗ ಏಳುತ್ತದೆ. ಉತ್ತರ ಎರಡು ಬಗೆಯದು. “ನಮ್ಮ ಸೀಮೆಯಲ್ಲಿ ಭೂಕಂಪವೆಲ್ಲಿಯದು? ಕಟ್ಟಿದ ಕಂತು ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆ” ಎಂಬುದು ಒಂದು. ಎರಡನೆಯದು ನಮ್ಮವರದೇ ಮಾತು: “ವಿಮೆಯೆಂಬುದು ಬಂಡವಳಗಾರರ ವ್ಯಾಪಾರ. ಅದನ್ನು ಕೊಂಡರೆ ಸರಕಾರದ ಹೆಗಲಿನ ಭಾರವನ್ನು ನಾವೇ ಇಳಿಸಿಕೊಟ್ಟಂತಾಗುತ್ತದೆ.” ಎರಡರಲ್ಲಿಯೂ ಒಂದಿಷ್ಟು ನಿಜವುಂಟು. ಆದರೆ ಗೋಡೆ ಕುಸಿದ ದಿನ ಈ ಎರಡು ಮಾತುಗಳಲ್ಲಿ ಯಾವುದೂ ಒಂದು ಗಾಡಿ ಇಟ್ಟಿಗೆಯನ್ನು ತಂದುಹಾಕುವುದಿಲ್ಲ.

ಮೊದಲನೆಯ ಮಾತನ್ನು ನೋಡೋಣ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿಯನ್ನು ಬಿಟ್ಟು ಬಂದು ಜನ ಮಲಗಿದ್ದ ಹೊತ್ತಿನಲ್ಲಿ, ನಮ್ಮ ಗಡಿಯಾಚೆಯ ಕಿಲ್ಲಾರಿಯ ಸುತ್ತ ನೆಲ ನಡುಗಿತು. ಲಾತೂರ್ ಮತ್ತು ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸುಮಾರು 10,000 ಜನ ಸತ್ತರು. ಬೀದರ, ಕಲಬುರ್ಗಿಗಳಲ್ಲಿಯೂ ಜನ ಎದ್ದು ಬೀದಿಗೆ ಓಡಿದರು. ಆ ದಿನದವರೆಗೆ ಸರಕಾರದ ನಕ್ಷೆಯಲ್ಲಿ ಆ ಪ್ರದೇಶವು ದೇಶದಲ್ಲೆಲ್ಲ ಕಡಿಮೆ ಅಪಾಯದ ವಲಯವಾಗಿತ್ತು. 2002ರಲ್ಲಿ ನಕ್ಷೆಯನ್ನು ತಿದ್ದುವಾಗ ಆ ಮೊದಲನೆಯ ವಲಯವನ್ನೇ ತೆಗೆದುಹಾಕಿ, ಕರ್ನಾಟಕವನ್ನು ಎರಡನೆಯ ಮತ್ತು ಮೂರನೆಯ ವಲಯಗಳಲ್ಲಿ ಹಂಚಿದರು. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದ ಹಾಗೆ! 2021ರಲ್ಲಿ ಚಿಂಚೋಳಿ ತಾಲ್ಲೂಕಿನಲ್ಲಿಯೂ ವಿಜಯಪುರದ ಕಡೆಯಲ್ಲಿಯೂ ನೆಲ ಮತ್ತೆ ಮತ್ತೆ ಅಲುಗಿ, ಹಳ್ಳಿಯವರು ರಾತ್ರಿ ಮನೆಯ ಹೊರಗೆ ಮಲಗಿದ್ದುಂಟು.

ಆದರೂ ನಮ್ಮ ನಾಡಿನ ಮನೆಗೆ ಭೂಕಂಪಕ್ಕಿಂತ ನೀರೇ ದೊಡ್ಡ ಶತ್ರುವೆಂಬುದನ್ನು ಒಪ್ಪಬೇಕು. 2009ರಲ್ಲಿ ಉತ್ತರ ಕರ್ನಾಟಕದ ಬರದ ನಾಡೇ ಮುಳುಗಿತು. 2018ರಲ್ಲಿ ಕೊಡಗಿನ ಗುಡ್ಡಗಳು ಜಾರಿದವು. 2019ರಲ್ಲಿ ಘಟಪ್ರಭೆ ಗೋಕಾಕದ ಪೇಟೆಯೊಳಕ್ಕೆ ಬಂದಳು. ಈಗ ಸಿಗುವ ಮನೆವಿಮೆಯಲ್ಲಿ ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕುಸಿತ, ಭೂಕಂಪ ಎಲ್ಲವೂ ಒಂದೇ ಪತ್ರದಲ್ಲಿ ಸೇರಿವೆ. ಆದುದರಿಂದ “ಭೂಕಂಪಕ್ಕಾಗಿ ಯಾಕೆ ಕೊಡಬೇಕು” ಎಂಬ ವಾದಕ್ಕೆ ಹಿಂದಿನ ಬೆಲೆಯಿಲ್ಲ. ಹಿಂದೆ ಬೆಂಕಿಯ ವಿಮೆಗೆ ಭೂಕಂಪವನ್ನು ಬೇರೆ ಹಣ ಕೊಟ್ಟು ಸೇರಿಸಿಕೊಳ್ಳಬೇಕಾಗಿತ್ತು.

ಇನ್ನು ನಮ್ಮವರ ಮಾತು. ವಿಮೆಯ ಮೂಲವೇನು? ಒಬ್ಬನ ಗುಡಿಸಲು ಸುಟ್ಟರೆ ಓಣಿಯವರೆಲ್ಲ ತಲೆಗಿಷ್ಟು ಹಾಕಿ ಎತ್ತಿ ನಿಲ್ಲಿಸುವುದು. ಇದು ಬಡವರ ನ್ಯಾಯ. ಮುಯ್ಯಾಳಿನ ಪದ್ಧತಿ ಕಂಡ ನಾಡಿಗೆ ಇದನ್ನು ಯಾವ ಸಾಹುಕಾರನೂ ಕಲಿಸಬೇಕಾಗಿಲ್ಲ. ಹಾಗಾದರೆ ನಮ್ಮ ಗಿರಣಿಯ ಐನೂರು ಜನ ಸೇರಿ ಒಂದು ನಿಧಿ ಮಾಡಿಕೊಂಡರೆ ಸಾಲದೆ, ಕಂಪನಿ ಏಕೆ ಎಂದು ಕೇಳಬಹುದು. ಬೆಂಕಿಗೆ ಆ ನಿಧಿ ಸಾಕು. ಭೂಕಂಪಕ್ಕೂ ನೆರೆಗೂ ಸಾಲದು. ಬೆಂಕಿ ಒಂದು ಮನೆಯನ್ನು ಸುಡುತ್ತದೆ, ಉಳಿದ ನಾನೂರ ತೊಂಬತ್ತೊಂಬತ್ತು ಮನೆಗಳು ಕೈ ನೀಡುತ್ತವೆ. ನೆಲ ನಡುಗಿದಾಗಲೋ ಕೊಡುವವನ ಮನೆಯೂ ಬೇಡುವವನ ಮನೆಯೂ ಒಂದೇ ಗಳಿಗೆಯಲ್ಲಿ ಬೀಳುತ್ತವೆ, ಚೀಟಿಯ ಪೆಟ್ಟಿಗೆಯಿಟ್ಟ ಮನೆಯೂ ಬೀಳುತ್ತದೆ. ಆದುದರಿಂದ ಈ ಅಪಾಯವನ್ನು ಊರಿನೊಳಗೆ ಹಂಚಿಕೊಂಡು ಪ್ರಯೋಜನವಿಲ್ಲ. ಗೋಕಾಕದವನೂ ಗುವಾಹಾಟಿಯವನೂ ಒಂದೇ ಚೀಟಿಯಲ್ಲಿರಬೇಕು. ದೇಶದ ವಿಮೆಯ ಹಣವನ್ನೂ ಮತ್ತೊಮ್ಮೆ ವಿಮೆ ಮಾಡಿಸಿ ಇತರ ದೇಶಗಳ ಮೇಲೆ ಹರಡುವುದು ಇದಕ್ಕಾಗಿಯೇ.

“ಸರಕಾರವಿದೆಯಲ್ಲ” ಎನ್ನುವವರಿಗೆ ಲೆಕ್ಕ ಹೇಳೋಣ. ಪೂರ್ತಿ ಬಿದ್ದ ಪಕ್ಕಾ ಮನೆಗೆ ವಿಪತ್ತು ಪರಿಹಾರ ನಿಧಿಯಿಂದ ಬಯಲುಸೀಮೆಯಲ್ಲಿ 1 ಲಕ್ಷ 20 ಸಾವಿರ, ಗುಡ್ಡಗಾಡಿನಲ್ಲಿ 1 ಲಕ್ಷ 30 ಸಾವಿರ ರೂಪಾಯಿಯೆಂದು ಕೇಂದ್ರವು 2022ರಲ್ಲಿ ದರ ಗೊತ್ತುಮಾಡಿತು. 2019ರ ನೆರೆಯಲ್ಲಿ ನಮ್ಮ ರಾಜ್ಯವು ಪೂರ್ತಿ ಬಿದ್ದ ಮನೆಗೆ 5 ಲಕ್ಷ ಘೋಷಿಸಿತು, ನಿಜ. ಆದರೆ ಅದು ಆ ವರ್ಷದ, ಆ ಸರಕಾರದ ತೀರ್ಮಾನ. ಮುಂದಿನ ಸಲ ಎಷ್ಟೆಂಬುದು ಖಜಾನೆಯ ಸ್ಥಿತಿಯನ್ನೂ ಚುನಾವಣೆಯ ತಿಂಗಳನ್ನೂ ನೋಡಿಕೊಂಡು ಆಗುತ್ತದೆ. ಬಿದ್ದದ್ದು ಪೂರ್ತಿಯೋ ಅರ್ಧವೋ ಎಂಬುದನ್ನು ಕಚೇರಿಯವರು ಬರೆಯುತ್ತಾರೆ. ಹಕ್ಕುಪತ್ರವಿಲ್ಲದವನೂ ಬಾಡಿಗೆಯವನೂ ಸಾಲಿನ ಕೊನೆಯಲ್ಲಿ ನಿಲ್ಲುತ್ತಾರೆ. ಕೈಕಸಬಿನವರ, ಕೈಮಗ್ಗದವರ ಸಾಮಗ್ರಿಗೆ ಆ ಪಟ್ಟಿಯಲ್ಲಿ ಅಲ್ಪಸ್ವಲ್ಪವಾದರೂ ಉಂಟು. ಕಿರಾಣಿ ಅಂಗಡಿಯ ಸರಕಿಗೆ ಬಾಬೇ ಇಲ್ಲ. ಪರಿಹಾರ ಎಷ್ಟೆಂದರೂ ಕೃಪೆಯಾಗಿಯೇ ಬರುತ್ತದೆ. ವಿಮೆ ಕರಾರು. ಕರಾರಿನ ಹಣವನ್ನು ಕೇಳುವವನು ಕೈಮುಗಿಯಬೇಕಾಗಿಲ್ಲ. ಪರಿಹಾರವನ್ನು ಹೆಚ್ಚಿಸಿ ಎಂದು ಮೆರವಣಿಗೆ ಮಾಡುವವನು ಜೇಬಿನಲ್ಲಿ ವಿಮೆಯ ಪತ್ರವನ್ನೂ ಇಟ್ಟುಕೊಂಡಿದ್ದರೆ ಮೆರವಣಿಗೆಗೆ ಊನವೇನೂ ಬಾರದು.

ಪತ್ರದೊಳಗೆ ಏನಿದೆ? 2021ರ ಏಪ್ರಿಲ್ 1ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ‘ಭಾರತ ಗೃಹ ರಕ್ಷಾ’ ಎಂಬ ಒಂದೇ ನಮೂನೆಯ ಮನೆವಿಮೆಯನ್ನು ಮಾರಬೇಕೆಂದು ವಿಮಾ ಪ್ರಾಧಿಕಾರ ಕಟ್ಟು ಮಾಡಿತು. ಷರತ್ತುಗಳು ಎಲ್ಲೆಡೆ ಒಂದೇ ಆದುದರಿಂದ ಕಂಪನಿಗಳ ನಡುವೆ ದರವನ್ನು ಹೋಲಿಸುವುದು ಸುಲಭ. ವಿಮೆಯ ಮೊತ್ತವೆಂದರೆ ನಿವೇಶನದ ಬೆಲೆಯಲ್ಲ. ಬಿದ್ದರೆ ಮತ್ತೆ ಕಟ್ಟುವ ಖರ್ಚು. 600 ಚದರಡಿಯ ಮನೆಗೆ ಚದರಡಿಗೆ 1,800 ರೂಪಾಯಿ ಹಿಡಿದರೆ 10 ಲಕ್ಷ 80 ಸಾವಿರ. ಕಟ್ಟಡದ ಮೊತ್ತದ ಶೇಕಡಾ 20ರಷ್ಟು, 10 ಲಕ್ಷದ ಮಿತಿಯೊಳಗೆ, ಪಾತ್ರೆಪಡಗ ಮಂಚ ಕಪಾಟುಗಳಿಗೂ ತಾನಾಗಿಯೇ ಸೇರುತ್ತದೆ. ಇಷ್ಟಕ್ಕೆ ವರ್ಷದ ಕಂತು ಸಾಮಾನ್ಯವಾಗಿ ಕೆಲವು ನೂರು ರೂಪಾಯಿಗಳಲ್ಲಿ ಮುಗಿಯುತ್ತದೆ; ಸಾವಿರಗಟ್ಟಲೆ ಕೇಳಿದರೆ ಯಾವುದಕ್ಕೆಂದು ಬಿಡಿಸಿ ಹೇಳೆನ್ನಿ. ಗಟ್ಟಿ ಬಂಗಾರ, ನಗದು ಹಣ ಇದರಲ್ಲಿ ಸೇರುವುದಿಲ್ಲ. ಹಳೆಯದಾಗಿ ತಾನೇ ಸವೆದ ಗೋಡೆಗೂ ಇದು ಸಲ್ಲದು.

ಯಾರು ಕೊಳ್ಳಬೇಕು? ಸಾಲ ಮಾಡಿ ಸ್ವಂತ ಮನೆ ಕಟ್ಟಿದ ಕಾರ್ಮಿಕನು ಎರಡು ಸಲ ಯೋಚಿಸಬೇಕಾಗಿಲ್ಲ. ಮನೆ ಬಿದ್ದರೂ ಸಾಲದ ಕಂತು ಬೀಳುವುದಿಲ್ಲವಷ್ಟೆ. ಆದರೆ ಕೊಳ್ಳುವ ಮುಂಚೆ ಸಾಲ ಕೊಟ್ಟ ಬ್ಯಾಂಕಿಗೆ ಹೋಗಿ ಕೇಳಬೇಕು. ಬ್ಯಾಂಕಿನವರು ತಮ್ಮ ಹಣದ ರಕ್ಷಣೆಗೆಂದು ಅದೇ ಮನೆಗೆ ಆಗಲೇ ವಿಮೆ ಮಾಡಿಸಿ ಕಂತನ್ನು ನಮ್ಮ ಲೆಕ್ಕಕ್ಕೇ ಹಾಕಿರಬಹುದು. ಪತ್ರದ ಪ್ರತಿ ಕೊಡಿರೆಂದು ಬರೆದು ಕೇಳಿರಿ. ಕೆಲವೊಮ್ಮೆ ಅದು ಮನೆಯ ವಿಮೆಯಾಗಿರುವುದಿಲ್ಲ, ಸಾಲಗಾರನ ಜೀವದ ವಿಮೆ. ಮನೆ ಬಿದ್ದು ಅವನು ಬದುಕಿ ಉಳಿದರೆ ಅದರಿಂದ ಕಾಸೂ ಹುಟ್ಟದು.

ಬಾಡಿಗೆಯವನು ಸಾಮಾನುಗಳಿಗೆ ಮಾತ್ರ ವಿಮೆ ಮಾಡಿಸಬಹುದು. ಹೊಲಿಗೆ ಯಂತ್ರವೋ ಮಗ್ಗವೋ ಮನೆಯಲ್ಲಿದ್ದರೆ ಅದನ್ನು ಮುಂಚೆಯೇ ಹೇಳಬೇಕು, ಅದು ಕಸುಬಿನ ಆಸ್ತಿ. ಹಳೆಯ ಕಲ್ಲುಮಣ್ಣಿನ ಮನೆಯವನಿಗೆ ಮಾತ್ರ ನಮ್ಮ ಸಲಹೆ ಬೇರೆ. ಕಿಲ್ಲಾರಿಯಲ್ಲಿ ಕೊಂದದ್ದು ಭೂಮಿಗಿಂತ ಹೆಚ್ಚಾಗಿ ಮನೆ. ಮಣ್ಣಿನಲ್ಲಿ ಕೂರಿಸಿದ ಗುಂಡುಕಲ್ಲಿನ ದಪ್ಪ ಗೋಡೆ, ಅದರ ತಲೆಯ ಮೇಲೆ ಹಲಗೆ ಹಾಸಿ ಪೇರಿಸಿದ ಅಡಿಗಟ್ಟಲೆ ಮಣ್ಣಿನ ಮಾಳಿಗೆ. ಅಲುಗಾಟಕ್ಕೆ ಗೋಡೆಯ ಒಳಮೈ ಹೊರಮೈ ಬೇರೆಬೇರೆಯಾಗಿ ಬಿಚ್ಚಿಕೊಂಡು, ಮಾಳಿಗೆ ಮಲಗಿದವರ ಮೇಲೆ ಕುಳಿತಿತು. ಅಂಥ ಮನೆಯಲ್ಲಿ ಇರುವವನ ಮೊದಲ ಹಣ ಮಾಳಿಗೆಯ ಮಣ್ಣಿಳಿಸುವುದಕ್ಕೆ, ಗೋಡೆಯ ಎರಡು ಮೈಗಳನ್ನು ಹೊಲಿಯುವ ಉದ್ದಗಲ್ಲುಗಳನ್ನು ಹಾಕುವುದಕ್ಕೆ, ಬಾಗಿಲಿನ ಮೇಲ್ಮಟ್ಟದಲ್ಲಿ ಸುತ್ತಲೂ ಕಾಂಕ್ರೀಟಿನ ಪಟ್ಟಿ ಕಟ್ಟುವುದಕ್ಕೆ ಹೋಗಲಿ. ವಿಮೆಯ ಪತ್ರ ಹಣ ಕೊಟ್ಟೀತು, ಮಾಳಿಗೆಯನ್ನು ಹಿಡಿದು ನಿಲ್ಲಿಸದು.

ಸಣ್ಣ ವ್ಯಾಪಾರಿಗಳಿಗೆ ಮನೆವಿಮೆ ಅಂಗಡಿಯನ್ನು ಕಾಯುವುದಿಲ್ಲ. ಅವರಿಗೆ ಬೇರೆ ಪತ್ರವುಂಟು: ‘ಭಾರತ ಸೂಕ್ಷ್ಮ ಉದ್ಯಮ ಸುರಕ್ಷಾ’, ಒಂದು ಸ್ಥಳದಲ್ಲಿ 5 ಕೋಟಿ ರೂಪಾಯಿಯವರೆಗಿನ ಆಸ್ತಿಗೆ. ಮನೆವಿಮೆಯಲ್ಲಿ ಮೊತ್ತ ಕಡಿಮೆ ಬರೆಸಿದ್ದಕ್ಕೆ ದಂಡದ ಕಡಿತವಿಲ್ಲ; ಇಲ್ಲಿ ಉಂಟು. ಶೇಕಡಾ 15ರವರೆಗಿನ ಕೊರತೆಯನ್ನು ಕ್ಷಮಿಸುತ್ತಾರೆ, ಅದನ್ನು ಮೀರಿದರೆ ಲೆಕ್ಕ ಕಟುವಾಗಿದೆ. 10 ಲಕ್ಷದ ಸರಕನ್ನಿಟ್ಟುಕೊಂಡು ಕಂತು ಉಳಿಸಲು 5 ಲಕ್ಷವೆಂದು ಬರೆಸಿದವನ 2 ಲಕ್ಷದ ಮಾಲು ನೀರುಪಾಲಾದರೆ ಸಿಗುವುದು 1 ಲಕ್ಷ. ಅರ್ಧ ಅಪಾಯವನ್ನು ತಾನೇ ಹೊತ್ತಿದ್ದಾನೆಂಬುದು ಕಂಪನಿಯ ತರ್ಕ. ತೆರಿಗೆಯ ಭಯದಿಂದ ದಾಸ್ತಾನನ್ನು ಕಡಿಮೆ ತೋರಿಸುವ ಅಭ್ಯಾಸವುಳ್ಳ ನಮ್ಮ ಮಿತ್ರರು ಇದನ್ನು ಎರಡು ಸಲ ಓದಬೇಕು. ಖಾತೆಪುಸ್ತಕ, ಖರೀದಿಯ ಬಿಲ್ಲುಗಳನ್ನು ಅಂಗಡಿಯಲ್ಲಿಯೇ ಇಟ್ಟರೆ ಸರಕಿನೊಡನೆ ಸಾಕ್ಷ್ಯವೂ ತೇಲಿಹೋಗುತ್ತದೆ. ತಿಂಗಳಿಗೊಮ್ಮೆ ಫೋಟೋ ತೆಗೆದು ಮಗಳ ಮೊಬೈಲಿಗೋ ಭಾವನ ಮೊಬೈಲಿಗೋ ಕಳಿಸಿಡುವುದಕ್ಕೆ ಖರ್ಚೇನೂ ಇಲ್ಲ.

ಕಂಪನಿ ಹಣ ಕೊಡದೆ ಅಲೆಸಿದರೆ? ಮೊದಲು ಕಂಪನಿಗೇ ಬರೆದು ದೂರು ಕೊಡಬೇಕು. ಒಂದು ತಿಂಗಳಾದರೂ ಉತ್ತರವಿಲ್ಲದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನಲ್ಲಿ ವಿಮಾ ಲೋಕಪಾಲರ ಕಚೇರಿಯಿದೆ. ಅಲ್ಲಿ 50 ಲಕ್ಷದವರೆಗಿನ ತಕರಾರನ್ನು ಶುಲ್ಕವಿಲ್ಲದೆ, ವಕೀಲರಿಲ್ಲದೆ ಕೇಳುತ್ತಾರೆ. ಅರ್ಜಿ ಬರೆಯಲು ಬಾರದವರಿಗೆ ಬರೆದುಕೊಡುವುದು ಯೂನಿಯನ್ ಕಚೇರಿಯ ಕೆಲಸವಾಗಬೇಕು.

ಇಷ್ಟೆಲ್ಲ ಹೇಳಿದ ಮೇಲೂ, ಒಬ್ಬೊಬ್ಬನೇ ಅಂಗಡಿಗೆ ಹೋಗಿ ಭೂಕಂಪದ ವಿಮೆಯನ್ನು ಕೊಳ್ಳುವ ವ್ಯವಸ್ಥೆ ಸರಿಯಾದುದೆಂದು ನಾವು ಒಪ್ಪುವುದಿಲ್ಲ. ನ್ಯೂಜಿಲೆಂಡಿನ ಲೇಬರ್ ಸರಕಾರ 1944ರಲ್ಲಿಯೇ ಕಾಯಿದೆ ಮಾಡಿ, ಬೆಂಕಿಯ ವಿಮೆಯುಳ್ಳ ಪ್ರತಿಯೊಂದು ಮನೆಯಿಂದಲೂ ಸಣ್ಣ ಪಟ್ಟಿಯೆತ್ತಿ ಸರಕಾರಿ ಭೂಕಂಪ ನಿಧಿಯನ್ನು ಕಟ್ಟಿತು. 2010-11ರಲ್ಲಿ ಕ್ರೈಸ್ಟ್‌ಚರ್ಚ್ ನಗರ ಮುರಿದುಬಿದ್ದಾಗ ಆ ನಿಧಿ ಬರಿದಾಯಿತು. ಹಿಂದೆ ಸರಕಾರದ ಜಾಮೀನು ನಿಂತಿತ್ತು. ಅಲ್ಲಿಯೂ ಕೆಲವರ ತಕರಾರುಗಳು ವರ್ಷಗಟ್ಟಲೆ ಎಳೆದವೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಫ್ರಾನ್ಸಿನಲ್ಲಿ ಮಿತ್ತರಾಂ ಅವರ ಸಮಾಜವಾದಿ ಸರಕಾರ 1982ರಲ್ಲಿ ಆಸ್ತಿವಿಮೆಯ ಪ್ರತಿ ಕಂತಿನ ಮೇಲೂ ಒಂದೇ ದರದ ಹೆಚ್ಚುವರಿ ಹಾಕುವ ಕಾನೂನು ತಂದಿತು. ಹೊಳೆಯ ದಂಡೆಯ ಬಡವನಿಗೂ ದಿಬ್ಬದ ಮೇಲಿನ ಧನಿಕನಿಗೂ ಶೇಕಡಾವಾರು ದರ ಒಂದೇ. ಅದು 2025ರ ಜನವರಿಯಿಂದ ಶೇಕಡಾ 12ರಿಂದ 20ಕ್ಕೆ ಏರಿತು; ಹಾಗಿದ್ದೂ ಯಾರ ಮನೆಯೂ ಅಪಾಯದ ಜಾಗದಲ್ಲಿದೆಯೆಂದು ಹೊರಗುಳಿಯಲಿಲ್ಲ.

ನಮ್ಮಲ್ಲಿ ಅದಕ್ಕೆ ಅಡಿಪಾಯವಿಲ್ಲವೆ? 1973ರ ಜನವರಿ 1ರಂದು 107 ಖಾಸಗಿ ಕಂಪನಿಗಳನ್ನು ರಾಷ್ಟ್ರೀಕರಿಸಿ ನಾಲ್ಕು ಸರಕಾರಿ ಕಂಪನಿಗಳನ್ನು ಮಾಡಿದ ದೇಶ ಇದು. ಆ ನಾಲ್ಕೂ ಇವೆ, ಜಿಲ್ಲೆಯ ಊರುಗಳಲ್ಲಿ ಶಾಖೆಗಳೂ ಇವೆ. ಮನೆಗಂದಾಯದ ಚೀಟಿಯೊಡನೆಯೇ ಕಂತನ್ನು ವಸೂಲು ಮಾಡಿ, ಚಿಕ್ಕ ಮನೆಗಳ ಕಂತನ್ನು ಖಜಾನೆಯಿಂದ ತುಂಬಿದರೆ ಊರಿಗೆ ಊರೇ ಒಳಗೆ ಬರುತ್ತದೆ. ಅದನ್ನು ಮಾಡುವುದು ಹಾಗಿರಲಿ, ಬಡವನು ತನ್ನ ಗೋಡೆಯನ್ನು ಉಳಿಸಿಕೊಳ್ಳಲು ಕಟ್ಟುವ ಕಂತಿನ ಮೇಲೆ ಶೇಕಡಾ 18ರ ತೆರಿಗೆ ಹಾಕಿದ್ದಾರೆ. ವೈಯಕ್ತಿಕ ಜೀವವಿಮೆಗೂ ಆರೋಗ್ಯವಿಮೆಗೂ 2025ರ ಸೆಪ್ಟೆಂಬರಿನಲ್ಲಿ ಆ ತೆರಿಗೆಯನ್ನು ತೆಗೆದವರು ಮನೆಯ ವಿಮೆಯನ್ನು ಏಕೆ ಬಿಟ್ಟರೆಂದು ನಮ್ಮ ಲೋಕಸಭಾ ಸದಸ್ಯರನ್ನು ಮುಂದಿನ ಸಭೆಯಲ್ಲಿ ಎದ್ದುನಿಂತು ಕೇಳೋಣ.