ನೀರಿನ ತವರಿಗೆ ಟ್ರಿಪ್ ಹೋಗುವ ಮುನ್ನ

ದಸರಾ ರಜೆ ಬಂತೆಂದರೆ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಟಿಟಿ ಗಾಡಿಗಳಿಗೆ ಬಿಡುವೇ ಇರುವುದಿಲ್ಲ. ನಮ್ಮ ಯಲ್ಲದಕೆರೆಯಂಥ ಊರಿನಿಂದಲೂ ಗಾಡಿಗಳು ಘಟ್ಟದ ಕಡೆಗೆ ಹೊರಡುತ್ತವೆ. ರಾತ್ರಿ ಉಂಡು ಹತ್ತಿದರೆ ಬೆಳಗ್ಗೆ ಜೋಗ, ಮಧ್ಯಾಹ್ನ ಇಡಗುಂಜಿ, ಸಂಜೆ ಮುರುಡೇಶ್ವರ. ಮಾರನೇ ದಿನ ಕೊಲ್ಲೂರು, ಆಗುಂಬೆ, ಶೃಂಗೇರಿ. ಮತ್ತೆ ರಾತ್ರಿಯೆಲ್ಲಾ ಪ್ರಯಾಣ, ಬೆಳಗಾದರೆ ಹೊಲದ ಕೆಲಸ. ಎರಡು ದಿನಕ್ಕೆ ಆರು ಊರು. ಕಾಡು ದಾಟುವ ಹೊತ್ತಿಗೆ ಮಕ್ಕಳು ಒಬ್ಬರ ಮೇಲೊಬ್ಬರು ಒರಗಿ ನಿದ್ದೆ ಹೋಗಿರುತ್ತವೆ.

ಆಡಿಕೊಳ್ಳಲು ಈ ಮಾತು ಹೇಳುತ್ತಿಲ್ಲ. ಗಾಡಿ ಬಾಡಿಗೆ ದಿನದ ಲೆಕ್ಕ, ಮನೆಯಲ್ಲಿ ಎಮ್ಮೆ ಕರೆಯಲು ಪಕ್ಕದ ಮನೆಯವರನ್ನು ಎಷ್ಟು ದಿನ ಬೇಡುವುದು, ಹಿರಿಯರ ಹರಕೆಯನ್ನೂ ತೀರಿಸಬೇಕು. ನಾವೂ ಹೋದ ವರ್ಷ ಮನೆಮಂದಿಯೆಲ್ಲ ಒಂಬತ್ತು ಜನ ಹಾಗೇ ಹೋಗಿ ಬಂದವರು. ನಮ್ಮ ತಕರಾರು ಇಷ್ಟೇ. ಬಯಲುಸೀಮೆಯ ನಾವು ರಜೆಯಲ್ಲಿ ಹೋಗುವುದು ನೀರಿರುವ ಸೀಮೆಗೆ. ಆ ನೀರಿನ ಪರಿಚಯ ನಮಗಿಲ್ಲ, ಮಾಡಿಸುವವರೂ ಇಲ್ಲ. ಪರಿಚಯವಿಲ್ಲದ ಆ ನೀರು ಕೆಲವು ಮನೆಗಳ ಮಕ್ಕಳನ್ನೇ ಕಿತ್ತುಕೊಂಡಿದೆ.

ಮೊದಲು ಕಾಡಿನ ಮಾತು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ. ನಮ್ಮ ಹಿರಿಯೂರಲ್ಲಿ 600 ದಾಟಿದರೆ ಆ ವರ್ಷ ಒಳ್ಳೆ ಮಳೆ ಅಂತ ಲೆಕ್ಕ. ಅರಬ್ಬೀ ಸಮುದ್ರದಿಂದ ಬರುವ ಮೋಡ ಘಟ್ಟಕ್ಕೆ ಬಡಿದು ಅಲ್ಲೇ ಖಾಲಿಯಾಗುತ್ತದೆ, ಉಳಿದದ್ದು ನಮಗೆ. ಇಷ್ಟನ್ನು ಶಾಲೆಯ ಪುಸ್ತಕವೂ ಹೇಳುತ್ತದೆ. ಅಲ್ಲಿ ಸುರಿದ ನೀರೂ ನಮ್ಮ ಹೊಲದ ಕಡೆಗೆ ಬರುವ ದಾರಿಯೊಂದಿದೆ ಎಂಬುದನ್ನು ಮಕ್ಕಳಿಗೆ ಹೇಳುವವರು ಕಡಿಮೆ.

ಆಗುಂಬೆಯ ಸೂರ್ಯಾಸ್ತದ ಜಾಗದಲ್ಲಿ ನಿಂತವರು ಕಡಲಿನ ದಿಕ್ಕನ್ನಷ್ಟೇ ನೋಡುತ್ತಾರೆ. ಆ ಕಡೆ ಇಳಿದ ಮಳೆ ಸೀತಾ ನದಿಯಾಗಿ ಸಮುದ್ರ ಸೇರುತ್ತದೆ. ಬೆನ್ನ ಹಿಂದೆ, ಮೂಡಣಕ್ಕೆ ಇಳಿದದ್ದು ಮಾಲತಿ ಹೊಳೆಯಾಗಿ ತುಂಗೆಗೆ ಕೂಡುತ್ತದೆ. ಭದ್ರಾ ಮೇಲ್ದಂಡೆ ಯೋಜನೆಯ ಲೆಕ್ಕದಲ್ಲಿ ಅದೇ ತುಂಗೆಯಿಂದ 17.40 ಟಿಎಂಸಿ ಅಡಿ ನೀರನ್ನು ಎತ್ತಿ ಭದ್ರಾ ಜಲಾಶಯಕ್ಕೆ ಹಾಕಬೇಕು. ಅಲ್ಲಿಂದ 29.90 ಟಿಎಂಸಿ ಅಡಿ ನೀರು ಅಜ್ಜಂಪುರದ ಸುರಂಗ ದಾಟಿ ಈ ಕಡೆಗೆ ಬರಬೇಕು. 2023ರ ಕೇಂದ್ರ ಬಜೆಟ್‌ನಲ್ಲಿ ಇದಕ್ಕೆ 5,300 ಕೋಟಿ ರೂಪಾಯಿ ಘೋಷಣೆಯಾದಾಗ ನಮ್ಮ ಜಿಲ್ಲೆಯಲ್ಲಿ ಪಟಾಕಿ ಹೊಡೆದವರಿದ್ದಾರೆ. ಆಮೇಲೆ ಆ ದುಡ್ಡಿಗಾಗಿ ಧರಣಿ ಕೂತವರೂ ಇದ್ದಾರೆ.

ಇನ್ನು ಮಾರಿಕಣಿವೆ. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲಿ. ನಮ್ಮ ಅಜ್ಜಂದಿರು ಕಾಣದ ಕೋಡಿಯನ್ನು ನಮ್ಮ ಮಕ್ಕಳು ಕಂಡವು. 2025ರ ಜನವರಿಯಲ್ಲಿ ಭದ್ರೆಯ ನೀರೂ ಸೇರಿ ಮತ್ತೆ ಕೋಡಿ ಹರಿಯಿತು. ವೇದಾವತಿ ಹುಟ್ಟುವುದು ಬಾಬಾಬುಡನ್‌ಗಿರಿಯ ಸಾಲಿನಲ್ಲಿ, ಅಲ್ಲಿನ ಶೋಲಾ ಕಾಡು ಮತ್ತು ಹುಲ್ಲುಗಾವಲಿನ ನಡುವೆ. ಭದ್ರೆಯ ಹುಟ್ಟೂ ಘಟ್ಟದ ಕಾಡಿನಲ್ಲೇ.

ನಿತ್ಯಹರಿದ್ವರ್ಣದ ಕಾಡು ಮಾಡುವ ಕೆಲಸ ನೋಡಬೇಕೆಂದರೆ ಗಾಡಿ ನಿಲ್ಲಿಸಿ ಇಳಿಯಬೇಕು. ಬಿದ್ದ ಎಲೆ ಕೊಳೆತು ಕೊಳೆತು ನೆಲ ಹಾಸಿಗೆಯಂತಾಗಿರುತ್ತದೆ. ಮಳೆಯ ಹನಿ ಮೇಲಿನ ಎಲೆಗೆ ಬಿದ್ದು, ಅಲ್ಲಿಂದ ಕೆಳಗಿನ ಎಲೆಗೆ, ಬಳ್ಳಿಗೆ, ಪಾಚಿಗೆ ಇಳಿದು, ನಿಧಾನಕ್ಕೆ ನೆಲ ಸೇರುತ್ತದೆ. ನೆಲ ಅದನ್ನು ಹಿಡಿದಿಟ್ಟು ಮಳೆಗಾಲ ಮುಗಿದ ಮೇಲೂ ಹಳ್ಳಕ್ಕೆ ಬಿಡುತ್ತಿರುತ್ತದೆ. ನಮ್ಮ ಕಡೆ ಬೋಳು ಗುಡ್ಡಕ್ಕೆ ಬಿದ್ದ ಮಳೆ ಒಂದೇ ಗಂಟೆಯಲ್ಲಿ ಮಣ್ಣು ಸಮೇತ ಹಳ್ಳಕ್ಕೆ ಓಡುವುದನ್ನು ಕಂಡ ಮಕ್ಕಳಿಗೆ ಇದನ್ನು ತೋರಿಸಿದರೆ ಹೆಚ್ಚು ವಿವರಿಸುವ ಅಗತ್ಯ ಬೀಳುವುದಿಲ್ಲ. ನಮ್ಮ ಜೊತೆಯಲ್ಲಿದ್ದ ಅವ್ವ ಆ ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿ ನೋಡಿ, ‘ಇದು ನಮ್ಮ ತಿಪ್ಪೆ ಗೊಬ್ಬರಕ್ಕಿಂತ ಚೆಂದಾಗೈತೆ ಕಣ್ಲಾ’ ಎಂದರು. ರಾಮುಲಸ್ ವಿಟೇಕರ್ 2005ರಲ್ಲಿ ಕಟ್ಟಿದ ಮಳೆಕಾಡು ಸಂಶೋಧನಾ ಕೇಂದ್ರ ಇರುವುದೂ ಈ ಆಗುಂಬೆಯಲ್ಲೇ. ಆದರೆ ಬಯಲುಸೀಮೆಯಿಂದ ಬರುವ ಬಹುಪಾಲು ಮಂದಿ ‘ಮಾಲ್ಗುಡಿ ಡೇಸ್’ ಚಿತ್ರೀಕರಣವಾದ ಮನೆಯ ಮುಂದೆ ಫೋಟೊ ತೆಗೆಸಿಕೊಂಡು ಘಟ್ಟ ಇಳಿಯುತ್ತಾರೆ.

ಘಟ್ಟ ಇಳಿದರೆ ಕಡಲು. ಮುರುಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ ನೇತ್ರಾಣಿ ದ್ವೀಪವಿದೆ. ಅದರ ಸುತ್ತ ಹವಳದ ದಿಬ್ಬಗಳು. ಹವಳ ಎಂದರೆ ನಮಗೆ ಅಂಗಡಿಯ ಕೆಂಪು ಮಣಿ. ನೀರಿನಡಿಯಲ್ಲಿ ಅದು ಜೀವ, ಸಣ್ಣ ಸಣ್ಣ ಪ್ರಾಣಿಗಳು ಸೇರಿ ಕಟ್ಟಿಕೊಂಡ ಮನೆ. ತಿಳಿನೀರು, ಬಿಸಿಲು, ಹದವಾದ ಶಾಖ ಬೇಕು. ನೀರು ರಾಡಿಯಾದರೆ ಉಸಿರು ಕಟ್ಟುತ್ತದೆ, ನೀರಿನ ಶಾಖ ಏರಿದರೆ ಬಣ್ಣ ಬಿಟ್ಟು ಬಿಳಿಚಿಕೊಳ್ಳುತ್ತದೆ. ಪ್ರಪಂಚದಾದ್ಯಂತ ಹವಳ ಹೀಗೆ ಬಿಳಿಚುತ್ತಿರುವುದು ಇದು ನಾಲ್ಕನೇ ಸಲ ಎಂದು 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಖಚಿತಪಡಿಸಿದರು. ಆಗ ಲಕ್ಷದ್ವೀಪದ ಹವಳಗಳಿಗೂ ಪೆಟ್ಟು ಬಿತ್ತು. ಘಟ್ಟದ ಮೇಲೆ ಮರ ಬಿದ್ದರೆ ಮಣ್ಣು ಹೊಳೆಗೆ, ಹೊಳೆಯಿಂದ ಕಡಲಿಗೆ. ಕಾಡು ಬೇರೆ, ಕಡಲು ಬೇರೆ ಎಂದುಕೊಂಡು ನೋಡಿದರೆ ಎರಡೂ ಅರ್ಥವಾಗುವುದಿಲ್ಲ.

ನೇತ್ರಾಣಿಯಲ್ಲಿ ಸ್ಕೂಬಾ ಡೈವಿಂಗ್‌ಗೆ ತಲೆಗೆ ಸಾವಿರಾರು ರೂಪಾಯಿ ಬೇಕು. ಒಂಬತ್ತು ಜನರ ಕುಟುಂಬಕ್ಕೆ ಅದು ಈರುಳ್ಳಿ ಬೀಜ, ಗೊಬ್ಬರದ ದುಡ್ಡು. ಹಾಗಾಗಿ ಅದು ಬೆಂಗಳೂರಿನ ಹುಡುಗರ ಆಟವಾಗಿಯೇ ಉಳಿದಿದೆ. ನಮ್ಮವರಿಗೆ ಸಿಗುವುದು ದಡದ ಅಲೆ ಮತ್ತು ಹತ್ತು ನಿಮಿಷದ ದೋಣಿ ಸವಾರಿ. ಕರಾವಳಿಯ ಒಂದು ಕಡೆ ನಾವು ಹತ್ತಿದ ದೋಣಿಯಲ್ಲಿ ಮಗಳಿಗೆ ಕೊಟ್ಟ ಲೈಫ್ ಜಾಕೆಟ್‌ನ ಬಕಲ್ ಮುರಿದಿತ್ತು. ಬೇರೆ ಕೊಡಿ ಎಂದರೆ, ‘ಏನೂ ಆಗಲ್ಲ ಬಿಡಿ ಸಾರ್, ಗಟ್ಟಿ ಹಿಡ್ಕೊಳ್ಳಿ’ ಎಂಬ ಉತ್ತರ. ನಾವು ಇಳಿದುಬಿಟ್ಟೆವು, ದೋಣಿ ಉಳಿದವರನ್ನು ಹೊತ್ತು ಹೊರಟಿತು.

ಏನೂ ಆಗಲ್ಲ ಎಂಬ ಮಾತಿಗೆ ಬೆಲೆ ತೆತ್ತವರು ಯಾರೆಂದು ನೋಡಿ. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯೊಂದರ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಸಮುದ್ರದಲ್ಲಿ ಮುಳುಗಿ ತೀರಿಕೊಂಡರು. ಕೋಲಾರವೂ ನಮ್ಮಂತೆಯೇ ಒಣನೆಲ. ಕೊಳವೆಬಾವಿಯ ನೀರು ಕುಡಿದು ಬೆಳೆದ ಮಕ್ಕಳಿಗೆ ಮೊಣಕಾಲುದ್ದದ ಅಲೆ ವಾಪಸ್ಸಾಗುವಾಗ ಕಾಲಡಿಯ ಮರಳನ್ನೇ ಎಳೆದುಕೊಂಡು ಹೋಗುತ್ತದೆ ಎಂಬುದು ಹೇಗೆ ಗೊತ್ತಿರಬೇಕು? ಕೆರೆ ತುಂಬದ ಊರಲ್ಲಿ ಈಜು ಕಲಿಸುವವರು ಯಾರು? ಆಮೇಲೆ ಶಿಕ್ಷಕರ ಅಮಾನತು, ಬೀಚಿಗೆ ಕೆಲ ದಿನ ಬೀಗ. ಪಾಠ ಮಾತ್ರ ಯಾವ ಶಾಲೆಯ ಹಲಗೆಯ ಮೇಲೂ ಬರಲಿಲ್ಲ.

ವಾಪಸ್ಸಿನ ದಾರಿ ಹೊನ್ನಾವರದ ಮೇಲೆ. ಅಲ್ಲಿ ಶರಾವತಿಯ ಅಳಿವೆಯಲ್ಲಿ ಕಾಂಡ್ಲಾ ಕಾಡಿನ ನಡುವೆ ಅರಣ್ಯ ಇಲಾಖೆ ಹಾಕಿದ ಮರದ ನಡಿಗೆ ದಾರಿಯಿದೆ. ಮಕ್ಕಳು, ಮುದುಕರು ಎಲ್ಲರೂ ನಡೆಯಬಹುದು. ಗೇರುಸೊಪ್ಪೆ ದಾಟಿ ಘಟ್ಟ ಹತ್ತಿದರೆ ಸಿಂಗಳೀಕಗಳ ಸೀಮೆ. ಕತ್ತಲೆಕಾನಿನಲ್ಲಿ ರಾಮಪತ್ರೆಯ ಜಡ್ಡಿಗಳಿವೆ, ಮರಗಳು ನೀರಿನಲ್ಲೇ ಬೇರೂರಿ ನಿಂತ ಹಳೆಯ ಕಾಡು ಅದು. ಇದೇ ಕಣಿವೆಯಲ್ಲಿ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಗೆ ಸರ್ಕಾರ ಹೊರಟಿದೆ, ಅಲ್ಲಿನ ಜನ ಬೀದಿಗಿಳಿದಿದ್ದಾರೆ. ಜೋಗ ನೋಡಲು ನಿಲ್ಲಿಸುವ ಗಾಡಿಗಳಲ್ಲಿ ಈ ಮಾತು ಏಳುವುದೇ ಇಲ್ಲ. ಅದು ಮಲೆನಾಡಿನವರ ಜಗಳ ಎಂದು ನಮ್ಮವರು ತಿಳಿದಂತಿದೆ.

‘ನಿಮಗೆ ಭದ್ರಾ ನೀರು ಬೇಕು, ಅದರ ಕಾಲುವೆಗೂ ಮರ ಬಿದ್ದಿವೆಯಲ್ಲ’ ಎಂದು ಮಲೆನಾಡಿನವರು ಕೇಳಿದರೆ? ಕೇಳುವ ಹಕ್ಕು ಅವರಿಗಿದೆ. ನಮ್ಮ ಉತ್ತರ ಇದು: ನೀರು ಬೇಕು, ಬಿಡುವ ಮಾತಿಲ್ಲ. ಫ್ಲೋರೈಡ್ ನೀರು ಕುಡಿದು ಹಲ್ಲು ಕಂದಾದ ಊರುಗಳು ನಮ್ಮ ಜಿಲ್ಲೆಯಲ್ಲಿವೆ. ಆದರೆ ಮೇಲೆ ಕಾಡು ಉಳಿಯದಿದ್ದರೆ ಎತ್ತುವುದಕ್ಕೆ ಅಲ್ಲೇನು ಇರುತ್ತದೆ? ಕಾಲುವೆ ಕೇಳುವವರೇ ಕಾಡಿನ ಪರವಾಗಿ ಮೊದಲು ನಿಲ್ಲಬೇಕು. ಹಾಗೆ ನಿಲ್ಲಬೇಕಾದರೆ ಒಮ್ಮೆಯಾದರೂ ಅದನ್ನು ಎಚ್ಚರದಲ್ಲಿ ನೋಡಿರಬೇಕು.

ಹಾಗಾಗಿ ನಮ್ಮ ಸಲಹೆಗಳು ಸಣ್ಣವು. ಪಟ್ಟಿಯಿಂದ ಎರಡು ಊರು ಕೈಬಿಡಿ. ಉಳಿದ ಹೊತ್ತನ್ನು ಕಾಡಿನ ದಾರಿಯಲ್ಲಿ, ಅಲ್ಲಿನವರೊಬ್ಬರನ್ನು ಜೊತೆ ಮಾಡಿಕೊಂಡು ಕಳೆಯಿರಿ. ಆ ಕೂಲಿ ಊರಿನವರಿಗೇ ಸೇರಲಿ. ಕಡಲಿಗೆ ಇಳಿಯುವ ಮೊದಲು ಜೀವರಕ್ಷಕರು ಎಲ್ಲಿದ್ದಾರೆ, ಕೆಂಪು ಬಾವುಟ ಎಲ್ಲಿದೆ ಎಂದು ಕೇಳಿ. ಬಕಲ್ ಮುರಿದ ಜಾಕೆಟ್ ಕೊಟ್ಟರೆ ದೋಣಿ ಇಳಿಯಿರಿ. ಶಿಕ್ಷಣ ಇಲಾಖೆಗೆ ಒಂದು ಮಾತು: ಬಯಲುಸೀಮೆಯ ಶಾಲೆಗಳ ಪ್ರವಾಸಕ್ಕೆ ಅನುಮತಿ ಕೊಡುವ ಮುನ್ನ ಮಕ್ಕಳಿಗೆ ಸಮುದ್ರದ ಬಗ್ಗೆ ಒಂದು ಗಂಟೆಯ ಪಾಠ ಕಡ್ಡಾಯ ಮಾಡಿ. ಪ್ರವಾಸೋದ್ಯಮ ಇಲಾಖೆ ಹವಳದ ದಿಬ್ಬದ ಚಿತ್ರ, ವಿಡಿಯೊಗಳನ್ನು ಮುರುಡೇಶ್ವರದ ದಡದಲ್ಲೇ ಕನ್ನಡದಲ್ಲಿ ತೋರಿಸುವ ಒಂದು ಕೋಣೆ ಕಟ್ಟಲಿ. ನೀರಿಗಿಳಿಯಲು ದುಡ್ಡಿಲ್ಲದವರೂ ಹವಳ ಏನೆಂದು ತಿಳಿದು ಹೋಗಲಿ.

ಮುಂದಿನ ರಜೆಯಲ್ಲಿ ಗಾಡಿ ಹೊರಟಾಗ ಮೊದಲ ನಿಲುಗಡೆ ಮಾರಿಕಣಿವೆಯಾಗಲಿ. ಕಟ್ಟೆಯ ಮೇಲೆ ಮಕ್ಕಳನ್ನು ನಿಲ್ಲಿಸಿ, ಈ ನೀರು ಎಲ್ಲಿಂದ ಬಂತು ಅಂತ ಕೇಳಿ. ಗೊತ್ತಿಲ್ಲ ಎಂದರೆ ಒಳ್ಳೆಯದೇ ಆಯಿತು. ಹೊಸದುರ್ಗ, ಅಜ್ಜಂಪುರ, ಲಕ್ಕವಳ್ಳಿ, ತೀರ್ಥಹಳ್ಳಿ ಎಂದು ನೀರು ಬರುವ ದಾರಿಯಲ್ಲೇ ಎದುರು ಹೊರಡಿ, ಹಗಲು ಹೊತ್ತಿನಲ್ಲಿ.