ಮನೆ ಹತ್ತಿರದ ದರ್ಶಿನಿಯೇ ಮೇಲು

ಬೆಂಗಳೂರಿನ ಜಯನಗರದಂಥ ಬಡಾವಣೆಯಲ್ಲಿ ಹೊರಗೆ ಎಲ್ಲಿ ತಿನ್ನಬೇಕು ಎಂಬ ಪ್ರಶ್ನೆಗೆ ಉತ್ತರ ಮೊಬೈಲ್ ಆ್ಯಪ್‌ನಲ್ಲಿಲ್ಲ. ನಡೆದು ಹೋಗುವಷ್ಟು ದೂರದ ದರ್ಶಿನಿಯಲ್ಲಿದೆ. 1983ರಲ್ಲಿ ಕೆಫೆ ದರ್ಶಿನಿ ಆರಂಭವಾದದ್ದು ಇದೇ ಜಯನಗರದಲ್ಲಿ. ಟೋಕನ್ ಪಡೆದು ನಿಂತು ತಿನ್ನುವ ಈ ಪದ್ಧತಿ ಬಳಿಕ ಊರಿಗೆಲ್ಲ ಹಬ್ಬಿತು. ಅದರ ಬಲ ಸರಳ ಲೆಕ್ಕಾಚಾರದಲ್ಲಿದೆ. ಸಪ್ಲೈಯರ್‌ಗಳಿಲ್ಲ, ದೊಡ್ಡ ಹಾಲ್ ಬೇಕಿಲ್ಲ. ಹಾಗಾಗಿ ಖರ್ಚೂ ಕಡಿಮೆ, ದರವೂ ಕಡಿಮೆ. ಗಿರಾಕಿಗಳು ಬೇಗ ಬಂದು ಹೋಗುವುದರಿಂದ ಇಡ್ಲಿ ತಟ್ಟೆ ತಟ್ಟೆಯಾಗಿ ಬೇಯುತ್ತಲೇ ಇರುತ್ತದೆ, ಚಟ್ನಿ ಹಳಸಲು ಸಮಯವೇ ಸಿಗುವುದಿಲ್ಲ. ಕಾವಲಿಯಿಂದ ಇಳಿದ ದೋಸೆ ನಿಮಿಷದೊಳಗೆ ಕೈಗೆ ಬರುತ್ತದೆ. ಅದೇ ದೋಸೆ ಡಬ್ಬಿಯಲ್ಲಿ ಮುಚ್ಚಿಕೊಂಡು ಬಂದರೆ ತನ್ನದೇ ಹಬೆಗೆ ಮೆತ್ತಗಾಗುತ್ತದೆ.

ವಯಸ್ಸಾದವರು ನಿಂತು ತಿನ್ನುವುದು ಹೇಗೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕೆ ಪರಿಹಾರ ದರ್ಶಿನಿಯನ್ನು ಬಿಡುವುದಲ್ಲ, ಅಲ್ಲಿ ನಾಲ್ಕು ಕುರ್ಚಿ ಹಾಕಿಸುವುದು. ಸ್ವಚ್ಛತೆಯ ಅನುಮಾನವಿದ್ದರೆ, ತೆರೆದ ಅಡುಗೆಮನೆ ಕಣ್ಣೆದುರೇ ಇದೆ. ಮುಚ್ಚಿದ ಬಾಗಿಲ ಹಿಂದೆ ಬೇಯುವ ಪಾರ್ಸೆಲ್ ಊಟಕ್ಕೆ ಆ ಪರೀಕ್ಷೆಯೇ ಇಲ್ಲ. ಹೆಸರುವಾಸಿ ಹೋಟೆಲುಗಳಿಗೂ ಹೋಗೋಣ, ಆದರೆ ಅದು ವಿಶೇಷ ದಿನಕ್ಕಿರಲಿ. ದಿನನಿತ್ಯದ ಹಸಿವಿಗೆ ನಮ್ಮ ರಸ್ತೆಯ ದರ್ಶಿನಿಯನ್ನು ಉಳಿಸಿಕೊಳ್ಳೋಣ.